ನಿನ್ನಿಷ್ಟ ಎಂದ ಗಂಡ

ಆರು ವರ್ಷದಿಂದ ಬಿ.ಎ. ಮಕ್ಕಳಿಗೆ ನಾನು ಒಂದೇ ಹೋಲಿಕೆಯನ್ನು ಬರೆಸುತ್ತ ಬಂದಿದ್ದೇನೆ. ಬೋರ್ಡಿನ ನಡುವೆ ಉದ್ದಕ್ಕೆ ಒಂದು ಗೆರೆ. ಎಡಕ್ಕೆ ‘ಕಥೆ ಒಂದು’, ಬಲಕ್ಕೆ ‘ಕಥೆ ಎರಡು’. ಬಯಸದೆ ಬಂದ ಬಸಿರನ್ನು ಎರಡು ಕಥೆಗಳ ಗಂಡ ಹೆಂಡತಿ ಹೇಗೆ ಎದುರಿಸುತ್ತಾರೆ ಎನ್ನುವುದು ಪ್ರಶ್ನೆ. ಪರೀಕ್ಷೆಯಲ್ಲಿ ಇದು ಬಂದೇ ಬರುತ್ತದೆ. ಹಾಗಾಗಿ ಮಕ್ಕಳು ಬಾಯಿಪಾಠ ಮಾಡುತ್ತಾರೆ, ನಾನೂ ಬಾಯಿಪಾಠದಂತೆಯೇ ಒದರುತ್ತೇನೆ. ಒದರುವಾಗ ನನ್ನ ತಲೆಯಲ್ಲಿ ಸಂಜೆ ಪಲ್ಯಕ್ಕೆ ಏನು ಎಂಬುದು ಓಡುತ್ತಿರುತ್ತದೆ. ಸುಳ್ಳೇಕೆ ಹೇಳಲಿ.

ನಮ್ಮ ಮನೆ ಬಸವಕಲ್ಯಾಣದಲ್ಲಿ, ನನ್ನ ಕಾಲೇಜು ಹುಮನಾಬಾದಿನಲ್ಲಿ. ಅತಿಥಿ ಉಪನ್ಯಾಸಕಿ ಎಂದು ನನ್ನ ಹೆಸರಿನ ಮುಂದೆ ಬರೆಯುತ್ತಾರೆ. ಹದಿನಾಲ್ಕು ವರ್ಷ ಒಂದೇ ಮನೆಗೆ ಬರುವ ಅತಿಥಿಯನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ. ದಿನ ಬೆಳಗಾದರೆ ಆಧಾರ್ ಕಾರ್ಡು ತೋರಿಸಿ, ಝೀರೋ ಟಿಕೆಟ್ ತೆಗೆದುಕೊಂಡು, ಸಸ್ತಾಪುರ ಬಂಗ್ಲಾ ಸ್ಟಾಪು ದಾಟಿದರೂ ನಿಂತೇ ಹೋಗಿ, ರಾಜೇಶ್ವರದಲ್ಲಿ ಯಾರಾದರೂ ಇಳಿದರೆ ಕೂಡುವುದು. ನನ್ನ ಯಜಮಾನರಿಗೆ ಬಸ್‌ಸ್ಟ್ಯಾಂಡಿನ ಹತ್ತಿರ ಝೆರಾಕ್ಸ್ ಅಂಗಡಿ ಇದೆ. ಊರವರ ಅರ್ಜಿ, ಹುಡುಗಿಯರ ಮದುವೆಯ ಬಯೋಡೇಟಾ, ನನ್ನ ನೋಟ್ಸು, ಎಲ್ಲವನ್ನೂ ಅವರೇ ಟೈಪ್ ಮಾಡುತ್ತಾರೆ. ಪ್ರತಿ ವರ್ಷ ಅಲ್ಲೊಂದು ಇಲ್ಲೊಂದು ಸಾಲು ತಿದ್ದಿ ಹೊಸದಾಗಿ ತೆಗೆದುಕೊಡುತ್ತಾರೆ. ನನ್ನ ಕೋಳಿಕಾಲಿನ ಅಕ್ಷರ ಓದಬಲ್ಲ ಗಂಡಸು ಈ ಭೂಮಿಯ ಮೇಲೆ ಅವರೊಬ್ಬರೇ.

ಕಥೆಗಳನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ.

ಮೊದಲನೆಯದರಲ್ಲಿ ಒಬ್ಬ ರೈಲ್ವೆ ಗೇಟಿನ ಕಾವಲುಗಾರ, ಅವನ ಹೆಂಡತಿ, ಮೂರು ಹೆಣ್ಣುಮಕ್ಕಳು. ನಾಲ್ಕನೆಯದು ಹೊಟ್ಟೆಯಲ್ಲಿ. ಗಂಡ ಪಟ್ಟಣಕ್ಕೆ ಹೋಗಿ ಔಷಧದ ಪೊಟ್ಟಣ ತಂದು ಒಲೆಯ ಮೇಲಿನ ಗೂಡಿನಲ್ಲಿಡುತ್ತಾನೆ. ತೆಗೆದುಕೋ ಅನ್ನುವುದೂ ಇಲ್ಲ. ಅವಳು ರೊಟ್ಟಿ ಬಡಿಯುತ್ತಲೇ ಇರುತ್ತಾಳೆ. ಕೊನೆಗೆ ಕೈ ತೊಳೆದು ಪೊಟ್ಟಣ ಬಿಚ್ಚುತ್ತಾಳೆ. ಇಡೀ ಕಥೆಯಲ್ಲಿ ಅವಳದೊಂದು ಮಾತಿಲ್ಲ. ನಾನು ಬರೆಸುತ್ತಿದ್ದುದು ಹೀಗೆ: ‘ಇದು ಸಾಂಪ್ರದಾಯಿಕ ದಾಂಪತ್ಯ. ಪತಿಯೇ ನಿರ್ಧರಿಸುತ್ತಾನೆ. ಪತ್ನಿಯ ಮೌನವೇ ಸಮ್ಮತಿ.’

ಎರಡನೆಯದರಲ್ಲಿ ಇಬ್ಬರೂ ನೌಕರಿಯವರು, ಪಟ್ಟಣದ ಬಾಡಿಗೆ ಮನೆ. ಅವಳು ವಿಷಯ ಹೇಳುತ್ತಾಳೆ. ಅವನು ಬೈಯುವುದಿಲ್ಲ, ಮುಖ ಗಂಟಿಕ್ಕುವುದಿಲ್ಲ. ಅವಳಿಗೆ ಚಹಾ ಮಾಡಿಕೊಟ್ಟು, ‘ನಿನ್ನಿಷ್ಟ’ ಎಂದು ಹೇಳಿ, ಫೋನು ತೆಗೆದುಕೊಂಡು ಹೊರಗೆ ಹೋಗುತ್ತಾನೆ. ಅವಳೊಬ್ಬಳೇ ಆಸ್ಪತ್ರೆಗೆ ಹೋಗಿ ಬರುತ್ತಾಳೆ. ಬಂದಾಗ ‘ಆಯ್ತಾ?’ ಅನ್ನುತ್ತಾನೆ. ಇದಕ್ಕೆ ನಾನು ಬರೆಸುತ್ತಿದ್ದುದು: ‘ಇದು ಆಧುನಿಕ ದಾಂಪತ್ಯ. ನಿನ್ನಿಷ್ಟ ಎನ್ನುವ ಮೂಲಕ ಪತಿಯು ಪತ್ನಿಯ ಸ್ವಾತಂತ್ರ್ಯವನ್ನು ಗೌರವಿಸುತ್ತಾನೆ. ಇವನೇ ಆದರ್ಶ ಪತಿ.’ ಐದು ಅಂಕಕ್ಕೆ ಇಷ್ಟು ಸಾಕು.

ಮೊನ್ನೆ ಚಳಿಗಾಲದಲ್ಲಿ, ನನಗೆ ನಲವತ್ತೆರಡು ತುಂಬಿದ ಮೇಲೆ, ಮುಟ್ಟು ನಿಂತಿತು. ನಿಲ್ಲುವ ವಯಸ್ಸು ಬಂತು, ಪೀಡೆ ಹೋಯಿತು ಎಂದು ಒಳಗೊಳಗೇ ಖುಷಿಪಟ್ಟೆ. ಬಸ್ಸಿನಲ್ಲಿ ಹೊಟ್ಟೆ ತೊಳಸಿದಾಗ ಡ್ರೈವರನಿಗೆ ಶಾಪ ಹಾಕಿದೆ. ಪಕ್ಕದಲ್ಲಿ ಕೂತ ಮುದುಕಿಯೊಬ್ಬಳು ನನ್ನ ಮುಖ ನೋಡಿ, “ಎಷ್ಟನೇದು ತಂಗಿ?” ಎಂದು ಕೇಳಿದಳು. ಎಷ್ಟನೆಯ ಸ್ಟಾಪು ಎಂದು ಕೇಳುತ್ತಿರಬೇಕು ಅಂದುಕೊಳ್ಳುವಷ್ಟು ಪೆದ್ದಿ ನಾನಲ್ಲ. ಆದರೂ ಅಂದು ಪೂರ್ತಿ ಆ ಮುದುಕಿಯ ಮೇಲೆ ಸಿಟ್ಟಾಗಿದ್ದೆ.

ಬಸವಕಲ್ಯಾಣದಲ್ಲಿ ತೋರಿಸುವಂತಿರಲಿಲ್ಲ. ಅಲ್ಲಿ ಯಾವ ದವಾಖಾನೆಗೆ ಹೋದರೂ ನಮ್ಮ ಅಂಗಡಿಯಲ್ಲಿ ಚೀಟಿ ಝೆರಾಕ್ಸ್ ಮಾಡಿಸಿಕೊಂಡವರು ಒಬ್ಬರಾದರೂ ಬಾಗಿಲಲ್ಲಿ ಕೂತಿರುತ್ತಾರೆ. ಹುಮನಾಬಾದಿನಲ್ಲಿ ಕ್ಲಾಸು ಮುಗಿಸಿ ಒಬ್ಬ ಲೇಡಿ ಡಾಕ್ಟರ ಹತ್ತಿರ ಹೋದೆ. ನನಗಿಂತ ಹತ್ತು ವರ್ಷ ಚಿಕ್ಕವಳು, ಗಡಿಬಿಡಿ ಮಾಡಲಿಲ್ಲ.

“ಏಳು ವಾರ ಆಗ್ಯಾವ್ರಿ ಮೇಡಂ. ಇಟ್ಕೊಳ್ಳೋರು ಇದ್ರ ನಿಮ್ಮ ಬೀಪಿ ನೋಡ್ಕೋತ ಹೋಗೋಣು. ಬ್ಯಾಡ ಅಂದ್ರ ಈಗೇ ಗುಳಿಗಿ ಮ್ಯಾಲೆ ಆಗ್ತದ. ಇಬ್ಬರೂ ಮಾತಾಡ್ಕೊಂಡು ಬರೂ ಶುಕ್ರವಾರ ಬಿಟ್ಟು ಅದರ ಮುಂದಿನ ಶುಕ್ರವಾರ ಬರ್ರಿ. ಅದಕ್ಕಿಂತ ತಡಾ ಮಾಡಬ್ಯಾಡ್ರಿ.”

ಇಬ್ಬರೂ ಮಾತಾಡಿಕೊಂಡು. ಎಷ್ಟು ಸಲೀಸಾಗಿ ಹೇಳಿದಳು ಪುಣ್ಯಾತ್ಗಿತ್ತಿ.

ನನಗೆ ಬೇಡವಾಗಿತ್ತು. ಇದನ್ನು ಸುತ್ತಿಬಳಸಿ ಹೇಳುವುದಿಲ್ಲ. ನಮಗೊಬ್ಬಳು ಮಗಳು, ಪಿಯುಸಿ ಎರಡನೇ ವರ್ಷ. ಅವಳು ಕೈಗೆ ಬರುವ ಹೊತ್ತಿಗೆ ಅತ್ತೆ ಹಾಸಿಗೆ ಹಿಡಿದರು. ನಾಲ್ಕು ವರ್ಷ ಅವರನ್ನು ಎತ್ತುವುದು, ಇಳಿಸುವುದು, ತೊಳೆಯುವುದು, ಉಣಿಸುವುದು, ಅದರ ನಡುವೆ ದಿನಕ್ಕೆರಡು ಸಲ ಬಸ್ಸು. ಹೋದ ವರ್ಷ ಅವರು ತೀರಿಕೊಂಡರು. ಅದಾದ ಮೇಲೆ ಮೊದಲ ಸಲ ಸಂಜೆ ಆರಕ್ಕೆ ಮನೆಗೆ ಬಂದು, ಚಪ್ಪಲಿ ಬಿಟ್ಟು, ಅರ್ಧ ತಾಸು ಸುಮ್ಮನೆ ಗೋಡೆಗೆ ಒರಗಿ ಕೂತೆ. ಯಾರೂ ಕರೆಯಲಿಲ್ಲ. ಆ ಅರ್ಧ ತಾಸು ನನಗೆ ಎಷ್ಟು ಹಿತವಾಗಿತ್ತೆಂದು ಯಾರ ಮುಂದೂ ಹೇಳಿಕೊಂಡಿರಲಿಲ್ಲ, ಅತ್ತೆ ಹೋದ ಮನೆಯಲ್ಲಿ ಹಾಗೆ ಹೇಳಲಿಕ್ಕೆ ಬರುವುದಿಲ್ಲ.

ಆದರೆ ಬೇಡ ಎಂದು ಒಬ್ಬಳೇ ಅನ್ನಲಿಕ್ಕೆ ಧೈರ್ಯವಿರಲಿಲ್ಲ. ಇಬ್ಬರಿಂದ ಆದದ್ದು, ಇಬ್ಬರೂ ಹೊರಬೇಕು ಎಂಬುದು ನನ್ನ ಹಠ. ಅಂದು ಸಂಜೆ ಯಜಮಾನರು ಅಂಗಡಿಯಿಂದ ಬಂದು ಕಾಲು ತೊಳೆದ ಮೇಲೆ ಹೇಳಿದೆ. ಮಗಳು ಟ್ಯೂಶನ್‌ಗೆ ಹೋಗಿದ್ದಳು. ಅವರು ಟವೆಲ್ಲನ್ನು ಮಡಿಚಿದರು, ಬಿಚ್ಚಿದರು, ಮತ್ತೆ ಮಡಿಚಿದರು.

“ತಬಿಯತ್ತು ಬರೋಬರಿ ಅದ ಅಲ್ಲ?” ಅಂದರು.

“ಅದ.”

“ಹಂಗಾರ...” ಎಂದು ತಡೆದು, “ನಿನ್ನಿಷ್ಟ” ಅಂದರು.

ಆಮೇಲೆ ಎದ್ದು ಹೋಗಿ ನನಗೆ ಚಹಾ ಮಾಡಿಕೊಂಡು ಬಂದರು. ಹತ್ತೊಂಬತ್ತು ವರ್ಷದಲ್ಲಿ ಅವರು ಚಹಾ ಮಾಡಿದ್ದು ನನಗೆ ಡೆಂಗಿ ಬಂದಾಗ ಒಂದು ಸಲ. ಸಕ್ಕರೆ ವಿಪರೀತವಾಗಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಯಾಕೆ ಉರಿಯಿತೆಂದು ಆಗ ತಿಳಿಯಲಿಲ್ಲ, ಒಳ್ಳೆಯ ಮಾತನ್ನೇ ಆಡಿದ್ದರು, ಚಹಾವನ್ನೂ ಕೊಟ್ಟಿದ್ದರು. ಕುಡಿದು ಲೋಟ ಕುಕ್ಕಿದೆ. ಅವರು ಬೆಚ್ಚಿ ನೋಡಿದರು, ಮತ್ತೆ ಅಂಗಡಿಗೆ ಹೋದರು.

ಹಾಗೆ ನಾಲ್ಕು ದಿನ ಹೋದವು. ಅವರು ಮಾರ್ಕೆಟ್ಟಿನಿಂದ ದಾಳಿಂಬೆ ತಂದರು, ನೀರಿನ ಕೊಡ ನನ್ನ ಕೈಯಿಂದ ಇಸಿದುಕೊಂಡರು, ಬಾಯಿ ಮಾತ್ರ ಬಿಡಲಿಲ್ಲ. ನಾನು ಬೇಕಂತಲೇ ಪಾತ್ರೆ ಸಪ್ಪಳ ಮಾಡಿದೆ. ಮಗಳು, “ಏನಾಗ್ಯದ ಮಮ್ಮಿ? ಪಪ್ಪಾಗ ಏನಂದಿ?” ಎಂದು ಕೇಳಿದಳು. ನಿನ್ನ ಅಭ್ಯಾಸ ನೋಡಿಕೋ ಎಂದು ಗದರಿದೆ, ಪಾಪ ಅವಳದೇನು ತಪ್ಪು.

ಗುರುವಾರ ಬಸ್ಸಿನಲ್ಲಿ ಸೀಟು ಸಿಕ್ಕಿತು. ಕಿರುಪರೀಕ್ಷೆಯ ಉತ್ತರಪತ್ರಿಕೆಗಳನ್ನು ತೊಡೆಯ ಮೇಲಿಟ್ಟುಕೊಂಡು ತಿದ್ದತೊಡಗಿದೆ. ಅದೇ ಪ್ರಶ್ನೆ. ನಲವತ್ತು ಮಂದಿ ನನ್ನ ವಾಕ್ಯಗಳನ್ನೇ ನನಗೆ ತಿರುಗಿ ಕೊಟ್ಟಿದ್ದರು. ಇವನೇ ಆದರ್ಶ ಪತಿ, ಇವನೇ ಆದರ್ಶ ಪತಿ, ಇವನೇ ಆದರ್ಶ ಪತಿ. ರಾಜೇಶ್ವರ ದಾಟುವುದರೊಳಗೆ ನನಗೆ ವಾಂತಿ ಬರುವಂತಾಯಿತು, ಅದು ಬಸಿರಿನದೋ ಆ ಸಾಲಿನದೋ ಹೇಳಲಾರೆ. ಎಷ್ಟು ಚೆಂದ ಬರೆಸಿದ್ದೆ! ಒಂದು ದಿನ ಅಂಥವನ ಜೊತೆ ಇದ್ದು ನೋಡಿ ಬರೆಸಿದ್ದೆನೇ?

ಒಂದೇ ಒಂದು ಪತ್ರಿಕೆ ಬೇರೆ ಇತ್ತು. ದುಬಲಗುಂಡಿಯಿಂದ ಬರುವ ಹುಡುಗಿಯದು, ಮದುವೆಯಾಗಿ ಎರಡು ವರ್ಷವಾದವಳು, ಹಿಂದಿನ ಬೆಂಚಿನಲ್ಲಿ ಕೂತು ಬಾಯಿ ಬಿಡದವಳು. ಅವಳು ಬರೆದಿದ್ದಳು: ‘ಇಬ್ಬರೂ ಗಂಡಂದಿರು ಒಂದೇ ಎಂದು ನನಗೆ ಅನಿಸುತ್ತದೆ. ಮೊದಲನೆಯವನು ಹೆಂಡತಿಯನ್ನು ಕೇಳಲಿಲ್ಲ. ಎರಡನೆಯವನು ತನ್ನದನ್ನು ಹೇಳಲಿಲ್ಲ. ಎರಡೂ ಮನೆಯಲ್ಲಿ ಹೆಂಗಸು ಒಬ್ಬಳೇ ಆದಳು. ಆದರೆ ಮೊದಲನೆಯವನು ಅಂದು ರೊಟ್ಟಿ ಅರ್ಧ ಬಿಟ್ಟನು.’ ಹಿಂದಿನ ದಿನವೇ ಮೊದಲ ಕೆಲವು ಪತ್ರಿಕೆಗಳ ಜೊತೆ ಇದನ್ನೂ ತಿದ್ದಿದ್ದೆ. ಕೆಳಗೆ ಕೆಂಪು ಶಾಯಿಯಲ್ಲಿ ನನ್ನದೇ ಅಕ್ಷರ: ‘ನೋಟ್ಸ್ ಓದಿ ಬರೆ.’ ಐದಕ್ಕೆ ಎರಡು.

ರೊಟ್ಟಿ ಅರ್ಧ ಬಿಟ್ಟನೇ? ನನಗೆ ನೆನಪಿರಲಿಲ್ಲ. ಪುಸ್ತಕ ತೆಗೆದು ನೋಡಿದೆ. ಹೌದು, ಇತ್ತು. ಹೆಂಡತಿ ಪೊಟ್ಟಣ ಬಿಚ್ಚಿದಾಗ ಅವನು ಉಣ್ಣುತ್ತ ಕೂತಿರುತ್ತಾನೆ, ತುತ್ತು ಇಳಿಯುವುದಿಲ್ಲ, ರೈಲಿನ ಹೊತ್ತಾದರೂ ಗೇಟಿಗೆ ಹೋಗುವುದಿಲ್ಲ, ಅಲ್ಲೇ ಕೂತಿರುತ್ತಾನೆ. ಆರು ವರ್ಷ ಈ ಸಾಲನ್ನು ನಾನು ದಾಟಿಕೊಂಡು ಹೋಗಿದ್ದೆ, ‘ಸಾಂಪ್ರದಾಯಿಕ’ ಎಂಬ ಡಬ್ಬಿಯಲ್ಲಿ ಅವನನ್ನು ಹಾಕಿ ಮುಚ್ಚಳ ಮುಚ್ಚಿದ ಮೇಲೆ ಅವನ ಊಟ ಯಾಕೆ ನೋಡಲಿ? ಅವನು ಮಾಡಿದ್ದು ಅನ್ಯಾಯವೇ. ಹೆಂಡತಿಯ ಮೈಗೆ ತಾನು ಔಷಧ ತಂದ. ಆದರೆ ತಾನು ಮಾಡಿದೆ ಎಂದು ಅವನಿಗೆ ಗೊತ್ತಿತ್ತು. ಎರಡನೆಯವನ ಕೈಗೆ ಮಾತ್ರ ಏನೂ ಅಂಟಲಿಲ್ಲ. ಆದದ್ದೂ ಅವಳಿಷ್ಟ, ಆಗದಿದ್ದರೂ ಅವಳಿಷ್ಟ, ನಾಳೆ ಅತ್ತರೆ ಅದೂ ಅವಳಿಷ್ಟ. ಅಂಥವನನ್ನು ನಾನು ಆದರ್ಶ ಎಂದು ಬೋರ್ಡಿನ ಮೇಲೆ ಬರೆದು ಕೆಳಗೆ ಗೆರೆ ಎಳೆದಿದ್ದೆ.

ಕಾಲೇಜಿಗೆ ಹೋದವಳೇ ಆ ಹುಡುಗಿಯನ್ನು ಕರೆದು ಎರಡನ್ನು ಐದು ಮಾಡಿಕೊಟ್ಟೆ. ಅವಳು ಹೆದರಿ, “ಯಾಕ್ರಿ ಮೇಡಂ? ನೋಟ್ಸ್‌ನ್ಯಾಗ ಹಂಗಿಲ್ರಿ” ಅಂದಳು.

“ನೋಟ್ಸು ತಪ್ಪದ,” ಅಂದೆ. ಅವಳು ಇನ್ನಷ್ಟು ಹೆದರಿದಳು.

ಬೇಡವೆಂದರೂ ನನ್ನ ದೃಷ್ಟಿ ಅವಳ ಹೊಟ್ಟೆಯ ಮೇಲೆ ಹೋಯಿತು. ಏನೂ ಕಾಣಲಿಲ್ಲ. ಕೇಳಲಿಕ್ಕೂ ಆಗಲಿಲ್ಲ. ಎಲ್ಲಿಂದ ಕಲಿತಳೋ ಅಷ್ಟನ್ನು.

ಶುಕ್ರವಾರಕ್ಕೆ ಐದು ದಿನ ಉಳಿದಿತ್ತು. ಭಾನುವಾರ ಮಧ್ಯಾಹ್ನ ಮಗಳು ಗೆಳತಿಯ ಮನೆಗೆ ಓದಲಿಕ್ಕೆ ಹೋದಳು. ಯಜಮಾನರು ಊಟ ಮಾಡಿ ಕೈ ತೊಳೆದರು. ನಾನು ತಟ್ಟೆ ಎತ್ತಲಿಲ್ಲ.

“ರೀ, ಏನಾರ ಮಾತಾಡ್ರಿ.”

“ಏನ್ ಮಾತಾಡಲಿ? ನಿನ್ನಿಷ್ಟ ಅಂತ ಆಗೇ ಹೇಳೇನಲ್ಲ.”

“ಅದೊಂದು ಮಾತು ಮತ್ತ ನನ್ನ ಮುಂದ ಆಡಬ್ಯಾಡ್ರಿ ನೋಡ್ರಿ!” ನನ್ನ ದನಿ ಓಣಿಗೆ ಕೇಳಿಸುವಷ್ಟು ಏರಿತು. “ನಾ ಒಬ್ಬಕಿನೇ ಬಸರಾಗೇನೇನು? ಎಂಟು ದಿನ ಆತು, ನಾ ಒಳಗೊಳಗ ಸಾಯಾಕತ್ತೇನಿ, ನೀವು ದಾಳಿಂಬ್ರಿ ತರಾಕತ್ತೀರಿ! ಇಷ್ಟ ಅಂತ ನನ್ನ ಕೊಳ್ಳಿಗಿ ಕಟ್ಟಿ ನೀವು ಆರಾಮ ಅಂಗಡ್ಯಾಗ ಕುಂತ್ರ ಮುಗೀತೇನು?”

ಅವರ ಮುಖ ಸಣ್ಣದಾಯಿತು. ಸಿಟ್ಟಿನಿಂದಲ್ಲ, ಲೆಕ್ಕ ತಪ್ಪಿದ ಹುಡುಗನ ಮುಖವಾಯಿತು.

“ಮತ್ತ ನೀನೇ ಬರದೀಯಲ್ಲ,” ಅಂದರು.

“ಏನ್ ಬರದೇನಿ?”

“ನೋಟ್ಸ್‌ನ್ಯಾಗ. ‘ನಿನ್ನಿಷ್ಟ ಎನ್ನುವ ಮೂಲಕ ಪತಿಯು ಪತ್ನಿಯ ಸ್ವಾತಂತ್ರ್ಯವನ್ನು ಗೌರವಿಸುತ್ತಾನೆ. ಇವನೇ ಆದರ್ಶ ಪತಿ.’ ಆರು ವರ್ಷ ಟೈಪ್ ಮಾಡೇನಿ ನಾ. ಖರೇ ಹೇಳ್ತೀನಿ, ಕಥಿ ನಾ ಓದಿಲ್ಲ. ನೋಟ್ಸು ಓದೇನಿ. ನಿನಗ ಅಂಥ ಗಂಡ ಬೇಕಂತ ತಿಳದೇನಿ. ಚಹಾ ಸುದ್ದಾ ಮಾಡಿ ಕೊಟ್ಟೆ, ಅದನ್ನೂ ನೀ ಕಥಿ ಸಾರಾಂಶದಾಗ ಬರದಿದ್ದಿ.”

ಅಯ್ಯೋ ಶಿವನೇ. ನನಗೆ ನಗು ಬಂತು, ನಗುತ್ತ ನಗುತ್ತ ಅಳುವೂ ಬಂತು, ಎರಡನ್ನೂ ಸೆರಗಿನಲ್ಲಿ ಒರೆಸಿಕೊಂಡೆ. ನಲವತ್ತು ಮಂದಿಯ ಜೊತೆ ನಲವತ್ತೊಂದನೆಯವರಾಗಿ ನನ್ನ ಗಂಡನೂ ನನ್ನ ತಪ್ಪನ್ನು ಬಾಯಿಪಾಠ ಮಾಡಿದ್ದರು. ಪಾಸಾಗಬೇಕೆಂದು ಮಾಡಿದ್ದರು. ನಾನು ಅವರನ್ನು ಎಂಟು ದಿನ ಕಟುಕ ಎಂದುಕೊಂಡು ಪಾತ್ರೆ ಕುಕ್ಕಿದ್ದೆ. ನಾಚಿಕೆಯಾಯಿತು.

“ಅದಕ್ಕ ಬೆಂಕಿ ಹಚ್ರಿ,” ಅಂದೆ. “ತಪ್ಪು ಬರದೇನಿ. ನಿಮ್ಮ ಮನಸಿನ್ಯಾಗ ಏನದ, ಅದು ಹೇಳ್ರಿ.”

“ಹೇಳಿದ್ರ ನೀ ಬ್ಯಾಸರ ಮಾಡ್ಕೋತಿ.”

“ಮಾಡ್ಕೋತೀನಿ. ಹೇಳ್ರಿ.”

ಅವರು ತಟ್ಟೆಯಲ್ಲಿ ಉಳಿದ ರೊಟ್ಟಿಯ ಚೂರುಗಳನ್ನು ಒಂದೊಂದಾಗಿ ಒಂದು ಕಡೆ ಸರಿಸಿದರು. “ನನಗ ಬೇಕು,” ಅಂದರು. “ಅವ್ವ ಹೋದಮ್ಯಾಲೆ ಮನಿ ಬಣಬಣ ಅನ್ಸಾಕತ್ತದ. ಈಕಿ ಇನ್ನೊಂದು ವರ್ಷಕ್ಕ ಹಾಸ್ಟೆಲ್‌ಗಿ ಹೋಗಾಕಿ. ನೀ ಹೇಳಿದ ದಿನದಿಂದ ಅಂಗಡ್ಯಾಗ ಕುಂತಾಗೆಲ್ಲ ಅದೇ ತಲ್ಯಾಗ ಅದ. ಈ ವಯಸ್ಸಿನ್ಯಾಗ ಮಂದಿ ನಗ್ತಾರ, ನನಗೇ ನಗಿ ಬರ್ತದ. ಆದ್ರೂ ಬೇಕು ಅನ್ನಸ್ತದ.”

ಅವರು ಬೇಡ ಅನ್ನುತ್ತಾರೆ ಎಂದು ನಾನು ಯಾಕೆ ನಂಬಿಕೊಂಡಿದ್ದೆನೋ. ಬಹುಶಃ ನನಗೆ ಬೇಕಾದ ಉತ್ತರ ಅದಾಗಿತ್ತು. ಬಾಯಿ ಬಿಡಿ ಬಾಯಿ ಬಿಡಿ ಎಂದು ಕಾಡಿ, ಬಿಟ್ಟ ಮೇಲೆ ನಾನೇ ಸುಮ್ಮನಿದ್ದುಬಿಡಲೇ ಎಂದು ಒಂದು ಗಳಿಗೆ ಅನಿಸಿತು. ಅಷ್ಟು ಒಳ್ಳೆಯ ಮುಖ ಮಾಡಿಕೊಂಡು ಕೂತಿದ್ದರು.

“ನನಗ ಬ್ಯಾಡ್ರಿ,” ಅಂದೆ. “ನಾಕು ವರ್ಷ ನಿಮ್ಮ ಅವ್ವಗ ಮಾಡೇನಿ. ಬ್ಯಾಸತ್ತು ಮಾಡಿಲ್ಲ, ಮನಸಿಟ್ಟು ಮಾಡೇನಿ. ಆದ್ರ ಈಗ ನನ್ನ ಮೈಯಾಗ ಏನೂ ಉಳದಿಲ್ಲ. ಮತ್ತ ಎತ್ತೂದು, ತೊಳಿಯೂದು, ನಿದ್ದಿ ಕೆಡೂದು... ನನಗ ಆಗಂಗಿಲ್ಲ. ನೀವು ಎಷ್ಟು ಮಾಡ್ತೀನಿ ಅಂದ್ರೂ ಆಗಂಗಿಲ್ಲ.”

ಅವರು ಎದ್ದರು. ಹೊರಟರು ಅಂದುಕೊಂಡೆ. ಬಾಗಿಲನ್ನು ಮುಂದೆ ಮಾಡಿ ಚಿಲಕ ಹಾಕಿ ತಿರುಗಿ ಬಂದು ಕೂತರು. ಆಮೇಲೆ ಎರಡು ತಾಸು ನಾವು ಜಗಳಾಡಿದೆವು. ಹತ್ತೊಂಬತ್ತು ವರ್ಷದಲ್ಲಿ ಅಂಥ ಜಗಳ ಆಡಿರಲಿಲ್ಲ. ಅವರು ಬೇಡಿಕೊಂಡರು, ನಾನು ಕಣ್ಣೀರು ಹಾಕಿದೆ, ಅವರು ತಮ್ಮ ಅವ್ವನ ಹೆಸರು ತೆಗೆದರು, ನಾನು ತೆಗೆಯಬಾರದ ಮಾತು ತೆಗೆದೆ, ಒಬ್ಬರೂ ಸೋಲಲಿಲ್ಲ. ಮಗಳು ಬಂದು ಬಾಗಿಲು ಬಡಿದಾಗ ಇಬ್ಬರ ಗಂಟಲೂ ಬಿದ್ದುಹೋಗಿತ್ತು. ಮರುದಿನ ಬಸ್ಸಿನಲ್ಲಿ ನಿಂತುಕೊಂಡೇ ನಿದ್ದೆ ಹೋದೆ.

ಶುಕ್ರವಾರ ಅವರು ಅಂಗಡಿಗೆ ಬೀಗ ಹಾಕಿ ನನ್ನ ಜೊತೆ ಬಸ್ ಹತ್ತಿದರು. ಮೊದಲ ಸಲ ನನ್ನ ಹಾದಿಯಲ್ಲಿ ನನ್ನ ಜೊತೆ. ದಾರಿಯುದ್ದಕ್ಕೂ ಕಿಟಕಿಯಾಚೆ ತೊಗರಿ ಹೊಲ ನೋಡುತ್ತಿದ್ದರು. ಇಟ್ಟುಕೋ ಎಂದು ಇನ್ನೊಮ್ಮೆ ಕೇಳಲಿಲ್ಲ. ಕೇಳಿದ್ದರೆ ನಾನು ಅಲ್ಲೇ ಇಳಿದುಬಿಡುತ್ತಿದ್ದೆನೇನೋ, ಎತ್ತ ಕಡೆ ಹೋಗಲಿಕ್ಕೆಂದು ಗೊತ್ತಿಲ್ಲ.

ಡಾಕ್ಟರು ಇಬ್ಬರನ್ನೂ ಕೂಡಿಸಿ, “ಮಾತಾಡೀರೇನ್ರಿ?” ಎಂದಳು.

“ಮಾತಾಡೇವ್ರಿ,” ಅಂದರು ಯಜಮಾನರು.

“ಮೇಡಂ ಅವರದೊಂದೇ ಸಹಿ ಸಾಕು. ಆದ್ರೂ ಕೇಳ್ತೀನಿ. ನಿಮಗೂ ಒಪ್ಪಿಗಿ ಅದ ಅಲ್ಲ?”

“ಇಲ್ರಿ.”

ಡಾಕ್ಟರು ಪೆನ್ನು ಕೆಳಗಿಟ್ಟಳು.

“ನನಗ ಬೇಕಾಗಿತ್ರಿ,” ಅಂದರು ಅವರು. “ಆಕಿಗಿ ಆಗಂಗಿಲ್ಲ ಅಂತಾಳ. ಮೈ ಆಕಿದು, ಆಕಿ ಹೇಳೂದೇ ಖರೆ. ಆದ್ರ ನನಗೂ ಒಪ್ಪಿಗಿ ಅದ ಅಂತ ನಾ ಸುಳ್ಳು ಹೇಳಂಗಿಲ್ರಿ.”

ಡಾಕ್ಟರು ನನ್ನ ಕಡೆ ತಿರುಗಿ, “ನೀವು ಇನ್ನೊಂದಿನ ವಿಚಾರ ಮಾಡ್ತೀರೇನು?” ಎಂದು ಮೆಲ್ಲಗೆ ಕೇಳಿದಳು. ಬೇಡ ಎಂದೆ. ಸಹಿ ಮಾಡಿದೆ. ಗುಳಿಗೆಯನ್ನು ಅಂಗೈಯಲ್ಲಿ ಇಟ್ಟಳು. ಯಜಮಾನರು ಚೀಲದಿಂದ ನೀರಿನ ಬಾಟಲಿ ತೆಗೆದು, ಮುಚ್ಚಳ ತಿರುವಿ, ನನ್ನ ಮುಂದೆ ಹಿಡಿದರು. ನಾನು ನುಂಗಿದೆ. ಬಾಟಲಿಯನ್ನು ತಿರುಗಿ ಕೊಡುವಾಗ ನೋಡಿದರೆ ಅವರು ಅಳುತ್ತಿದ್ದರು, ಡಾಕ್ಟರ ಎದುರಿಗೇ, ಬಾಗಿಲಲ್ಲಿ ನಿಂತ ನರ್ಸಿನ ಎದುರಿಗೇ, ಮುಖ ಸಹ ಮುಚ್ಚಿಕೊಳ್ಳದೆ. ಹೊರಗೆ ಕೂಡುತ್ತೀರೇನು ಎಂದು ನರ್ಸು ಕೇಳಿದಳು. ಇಲ್ಲ ಎಂದು ತಲೆಯಾಡಿಸಿ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು.